ಅಂಗಡಿಯ ಮುಂದಿನ ಮೂರನೆಯವನು



ಮಾರುವವನು ಮಾಡಬಹುದಾದ ಅನ್ಯಾಯಗಳ ವಿಷಯದಲ್ಲಿ ನಮ್ಮ ದೇಶದ ಶಾಸ್ತ್ರಕಾರರೂ ಶಾಸನಕರ್ತರೂ ಬಹು ಹಿಂದಿನಿಂದಲೇ ಎಚ್ಚರವಾಗಿದ್ದಾರೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ತೂಕದ ಬಟ್ಟುಗಳನ್ನೂ ಅಳತೆಯ ಪಾತ್ರೆಗಳನ್ನೂ ನೋಡಿಕೊಳ್ಳುವುದಕ್ಕೆಂದೇ ಪೌತವಾಧ್ಯಕ್ಷನೆಂಬ ಅಧಿಕಾರಿಯುಂಟು. ಪೇಟೆಯಲ್ಲಿ ನಡೆಯುವ ಮೋಸವನ್ನು ಹಿಡಿಯುವುದಕ್ಕೆ ಸಂಸ್ಥಾಧ್ಯಕ್ಷನೆಂಬ ಮತ್ತೊಬ್ಬನುಂಟು. ನಮ್ಮ ಕಾಲಕ್ಕೆ ಬಂದರೆ 1986ರ ಗ್ರಾಹಕರ ಸಂರಕ್ಷಣಾ ಅಧಿನಿಯಮ, ಅದರ ಸ್ಥಾನವನ್ನು ತುಂಬಿದ 2019ರ ಅಧಿನಿಯಮ, ಇವೆರಡರ ನಡುವೆ ತಕ್ಕಡಿಯ ಕಾವಲಿಗಾಗಿ 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮ, ಹೀಗೆ ಕೊಳ್ಳುವವನ ಬೆನ್ನ ಹಿಂದೆ ದೊಡ್ಡದೊಂದು ವ್ಯವಸ್ಥೆಯೇ ನಿಂತಿದೆ. ಆದರೆ ಕೊಳ್ಳುವವನೇ ಮಾಡುವ ಅನ್ಯಾಯಕ್ಕೆ, ಅದು ಕಳವು ವಂಚನೆಗಳ ಮಟ್ಟಕ್ಕೆ ಏರದಿರುವವರೆಗೆ, ಯಾವ ಅಧ್ಯಕ್ಷನೂ ಇಲ್ಲ, ಯಾವ ಅಧಿನಿಯಮವೂ ಇಲ್ಲ. ಅದು ಕೇವಲ ಮರ್ಯಾದೆಯ ಪ್ರಾಂತ. ಆ ಮರ್ಯಾದೆ ಕಣ್ಣೆದುರಿಗೇ ತಪ್ಪಿದಾಗ, ಮಾರುವವನೂ ಅಲ್ಲದೆ ತಪ್ಪಿದವನೂ ಅಲ್ಲದೆ ಸುಮ್ಮನೆ ಪಕ್ಕದಲ್ಲಿ ಚೀಲ ಹಿಡಿದು ನಿಂತ ಮೂರನೆಯವನು ಬಾಯಿ ತೆರೆಯಬೇಕೇ ಬೇಡವೇ ಎಂಬುದು ಈ ಸಂಜೆಯ ವಿಚಾರ.

ತರಕಾರಿಯ ಗಾಡಿಯ ಮುಂದೆ ದಿನವೂ ನಡೆಯುವ ಒಂದು ಸಂಗತಿಯನ್ನೇ ತೆಗೆದುಕೊಳ್ಳೋಣ. ಬೆಂಡೆಕಾಯಿ ಎಳೆಯದೋ ಬಲಿತದ್ದೋ ಎಂದು ತಿಳಿಯಲು ಅದರ ತುದಿಯನ್ನು ಚಿಟಕ್ಕನೆ ಮುರಿದು ನೋಡುವುದು ನಮ್ಮ ಮನೆಗಳಲ್ಲಿ ಅಜ್ಜಿಯರ ಕಾಲದಿಂದ ಬಂದ ವಿದ್ಯೆ. ವಿದ್ಯೆಯಲ್ಲಿ ದೋಷವಿಲ್ಲ, ಎಳೆಗಾಯಿಯ ತುದಿ ಸದ್ದು ಮಾಡಿ ಮುರಿಯುತ್ತದೆ, ನಾರು ಬಲಿತದ್ದು ಬಾಗುತ್ತದೆಯೇ ಹೊರತು ಮುರಿಯುವುದಿಲ್ಲ. ದೋಷವಿರುವುದು ಪರೀಕ್ಷೆಯಾದ ಬಳಿಕ. ಇಪ್ಪತ್ತು ಮೂವತ್ತು ಕಾಯಿಗಳ ತುದಿಯನ್ನು ಮುರಿದು, ಹಿಚುಕಿ, ಬಾಗಿಸಿ, ಕಡೆಗೆ ಕಾಲು ಕಿಲೋ ಆರಿಸಿಕೊಂಡು ಹೋದವರು ರಾಶಿಯಲ್ಲಿ ಬಿಟ್ಟುಹೋದ ಕಾಯಿಗಳ ಗತಿಯೇನಾಗುವುದೆಂದು ಹಿಂದಿರುಗಿ ನೋಡುವುದಿಲ್ಲ. ಗಾಯವಾದ ಕಡೆಯಿಂದ ಕಾಯಿಯ ನೀರು ಆರತೊಡಗುತ್ತದೆ. ಮುರಿದ ಭಾಗ ಕಪ್ಪಾಗುತ್ತದೆ. ಸಂಜೆಯ ಗಿರಾಕಿ ಅದನ್ನು ಕೈಯಿಂದ ಮುಟ್ಟುವುದೂ ಇಲ್ಲ. ಬೆಳಗಿನ ಜಾವ ಬೆಂಗಳೂರಿನ ಕಲಾಸಿಪಾಳ್ಯದಲ್ಲಿಯೋ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿಯೋ, ಎಷ್ಟೋ ವೇಳೆ ಅಂದಂದಿಗೆ ಬಡ್ಡಿ ಏರುವ ಸಾಲದ ಹಣದಿಂದ, ಮೂಟೆಯನ್ನು ಕೊಂಡುತಂದ ಹೆಂಗಸಿಗೆ ಆ ದಿನದ ಲಾಭವೆಂಬುದು ರಾಶಿಯ ತಳದಲ್ಲಿ ಉಳಿಯುವ ಕೊನೆಯ ಒಂದೆರಡು ಕಿಲೋಗಳಲ್ಲಿಯೇ ಅಡಗಿರುತ್ತದೆ. ತುದಿ ಮುರಿದು ಕಪ್ಪಾಗುವುದು ಆ ಕಿಲೋಗಳೇ.

ಮುಟ್ಟುವುದೂ ರುಚಿ ನೋಡುವುದೂ ತನ್ನಷ್ಟಕ್ಕೆ ಅಮರ್ಯಾದೆಯಲ್ಲವೆಂಬುದಕ್ಕೆ ಬಸವನಗುಡಿಯ ಕಡಲೆಕಾಯಿ ಪರಿಷೆಯೇ ಸಾಕ್ಷಿ. ಕಾರ್ತಿಕಮಾಸದ ಕಡೆಯ ಸೋಮವಾರದಂದು ದೊಡ್ಡ ಬಸವಣ್ಣನ ಗುಡಿಯ ಸುತ್ತ ಬೀದಿಬೀದಿಗಳಲ್ಲಿ ರಾಶಿ ಹಾಕಿದ ಕಾಯಿಗಳಲ್ಲಿ ನಾಲ್ಕನ್ನೆತ್ತಿ ಸುಲಿದು ಬಾಯಿಗೆ ಹಾಕಿಕೊಳ್ಳುವುದು ಅಲ್ಲಿಯ ಸಂಪ್ರದಾಯ. ಮಾರುವವನೇ ಕರೆದು ಕೈಗಿಡುತ್ತಾನೆ. ಅದೇ ಕೈ ಮರುದಿನ ದ್ರಾಕ್ಷಿಯ ಗಾಡಿಯ ಮುಂದೆ, ಕೇಳದೆ ಹೇಳದೆ, ಗೊಂಚಲಿನಿಂದ ಗೊಂಚಲಿಗೆ ಸಂಚರಿಸಿ, ಏನನ್ನೂ ಕೊಳ್ಳದೆ ಹಿಂದಕ್ಕೆ ಸರಿದರೆ, ಮಾಡಿದ ಕೆಲಸ ಒಂದೇ ಆದರೂ ಅದರ ಬಣ್ಣ ಬೇರೆಯಾಗುತ್ತದೆ. ಮಾರುವವನ ಆಹ್ವಾನವುಂಟೋ ಇಲ್ಲವೋ ಎಂಬುದೇ ಇಲ್ಲಿಯ ಗೆರೆ.

ಇಂತಹ ಗೆರೆಯೊಂದನ್ನು ಹಿಂದೆ ಅಂಗಡಿಯ ಕಟ್ಟಡವೇ ಎಳೆದಿತ್ತು. ದಿನಸಿಯ ಶೆಟ್ಟರ ಅಂಗಡಿಯಲ್ಲಿ ಅಡ್ಡಹಲಗೆಯ ಈಚೆ ನಾವು, ಆಚೆ ಸರಕು. ಬೇಕಾದುದನ್ನು ಹೇಳಬೇಕು, ಆಳು ತೂಗಿ ಪೊಟ್ಟಣ ಕಟ್ಟಿ ಕೊಡಬೇಕು. ಆ ಹಲಗೆಯನ್ನು ಕಿತ್ತುಹಾಕಿ, ಗಿರಾಕಿಯೇ ಬುಟ್ಟಿ ಹಿಡಿದು ಸರಕುಗಳ ನಡುವೆ ನಡೆದಾಡುವ ಪದ್ಧತಿಯನ್ನು ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬ ವರ್ತಕನು 1916ರಲ್ಲಿ ಪಿಗ್ಲಿ ವಿಗ್ಲಿ ಎಂಬ ತನ್ನ ಅಂಗಡಿಯಲ್ಲಿ ತೊಡಗಿಸಿದನು. ಆತನ ಉದ್ದೇಶ ಆಳುಗಳ ಸಂಬಳವನ್ನು ಉಳಿಸುವುದು. ಉಳಿತಾಯವೇನೋ ಆಯಿತು, ಆದರೆ ಅದುವರೆಗೆ ಹಲಗೆಯೂ ಆಳೂ ಮಾಡುತ್ತಿದ್ದ ಕಾವಲು ಕೆಲಸವು ಗಿರಾಕಿಯ ಆತ್ಮಸಂಯಮಕ್ಕೆ ವರ್ಗವಾಯಿತು. ಈಗಿನ ದೊಡ್ಡ ಮಳಿಗೆಗಳಲ್ಲಿ ಬೇಡವೆನಿಸಿದ ಮೊಸರಿನ ಪೊಟ್ಟಣವನ್ನೋ ಐಸ್‌ಕ್ರೀಮಿನ ಡಬ್ಬಿಯನ್ನೋ ತಣ್ಣನೆಯ ಪೆಟ್ಟಿಗೆಗೆ ಹಿಂದಿರುಗಿಸುವ ಶ್ರಮವನ್ನು ತಪ್ಪಿಸಿಕೊಂಡು ಸಾಬೂನಿನ ಸಾಲಿನಲ್ಲಿ ತೂರಿಸಿ ಹೋಗುವವರು ಆ ಸಂಯಮದ ಪರೀಕ್ಷೆಯಲ್ಲಿ ಸೋತವರು. ಒಮ್ಮೆ ಶೈತ್ಯ ತಪ್ಪಿದ ಪದಾರ್ಥವನ್ನು ಮತ್ತೆ ಮಾರುವಂತಿಲ್ಲ, ಎಸೆಯಬೇಕು. ಹಾಲಿನ ಸಾಲಿನಲ್ಲಿ ಕೈ ಹಿಂದಕ್ಕೆ ಚಾಚಿ ಹೊಸ ತಾರೀಖಿನ ಪೊಟ್ಟಣವನ್ನು ಎಳೆಯುವವರನ್ನೂ ಕೆಲವರು ಈ ಪಟ್ಟಿಗೆ ಸೇರಿಸುವುದುಂಟು. ನಾನು ಸೇರಿಸಲಾರೆ, ಅದು ಗೃಹಿಣಿಯ ಜಾಣತನ.

ಸೀರೆಯ ಅಂಗಡಿಯ ಮಾತು ಇದಕ್ಕಿಂತ ಸೂಕ್ಷ್ಮವಾದದ್ದು. ಮದುವೆಯ ಸೀರೆ ಆರಿಸುವವರು ಐವತ್ತು ಸೀರೆಗಳನ್ನು ಬಿಡಿಸಿ ತೋರಿಸೆಂದರೆ ತಪ್ಪಿಲ್ಲ, ಅಂಗಡಿಯವರೂ ಅದಕ್ಕೆ ಸಿದ್ಧರಾಗಿಯೇ ಕುಳಿತಿರುತ್ತಾರೆ. ಕುಳಿತಿರುತ್ತಾರೆಂದು ವಾಡಿಕೆಯಂತೆ ಹೇಳಿದೆನಾದರೂ, ವಾಸ್ತವದಲ್ಲಿ ಮಾಲೀಕರು ಕುಳಿತಿರುತ್ತಾರೆ, ಹೊಸ ಬಗೆಯ ಮಳಿಗೆಗಳಲ್ಲಿ ತೋರಿಸುವವರು ನಿಂತಿರುತ್ತಾರೆ. ದಿನಕ್ಕೆ ಎಂಟು ಹತ್ತು ಗಂಟೆಗಳ ಕಾಲ ಹೀಗೆ ನಿಲ್ಲುವ ನೌಕರರಿಗೆ, ಅವರಲ್ಲಿಯೂ ವಿಶೇಷವಾಗಿ ಹೆಂಗಸರಿಗೆ, ಕುಳಿತುಕೊಳ್ಳುವ ಅವಕಾಶವಿರಬೇಕೆಂದು ನಮ್ಮ ನೆರೆಯ ಕೇರಳದಲ್ಲಿ 2018ರಲ್ಲಿಯೂ ತಮಿಳುನಾಡಿನಲ್ಲಿ 2021ರಲ್ಲಿಯೂ ಕಾನೂನನ್ನೇ ತಿದ್ದಬೇಕಾಯಿತೆಂದರೆ, ಅವರ ಬಾಯಿಗೆ ಎಷ್ಟು ಸ್ವಾತಂತ್ರ್ಯವಿದ್ದಿರಬಹುದೆಂಬುದನ್ನು ಊಹಿಸಬಹುದು. ಅಂತಹವರ ಮುಂದೆ ಕುಳಿತು, ವಯಸ್ಸಿನಲ್ಲಿ ತನಗಿಂತ ಹಿರಿಯನಾದವನನ್ನು ಏಕವಚನದಲ್ಲಿ ಗದರಿಸುವುದು, ಬಿಡಿಸಿದ ಸೀರೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸುವುದು, ಇವು ಐವತ್ತು ಸೀರೆ ಬಿಡಿಸಿಸಿದ್ದಕ್ಕಿಂತ ಹೆಚ್ಚಿನ ಅಪರಾಧಗಳು.

ಇದಕ್ಕೆ ಆ ನೌಕರನು ಪ್ರತ್ಯುತ್ತರ ಕೊಡಲಾರನು. ಲಂಡನ್ನಿನಲ್ಲಿ 1909ರಲ್ಲಿ ಮಹಾಮಳಿಗೆಯೊಂದನ್ನು ತೆರೆದ ಹ್ಯಾರಿ ಗಾರ್ಡನ್ ಸೆಲ್ಫ್ರಿಜ್‌ನ ಹೆಸರಿಗೂ, ಆತನು ಅದಕ್ಕೆ ಮೊದಲು ಷಿಕಾಗೋದಲ್ಲಿ ಸೇವೆ ಮಾಡಿದ ಮಾರ್ಷಲ್ ಫೀಲ್ಡ್‌ನ ಹೆಸರಿಗೂ ಅಂಟಿಕೊಂಡಿರುವ ಒಂದು ಸೂತ್ರವುಂಟು: ಗಿರಾಕಿಯ ಮಾತು ಯಾವಾಗಲೂ ಸರಿ ಎಂಬುದು. ವ್ಯಾಪಾರದ ದೃಷ್ಟಿಯಿಂದ ಅದು ಫಲಕಾರಿಯಾದ ಸೂತ್ರವೇ. ಆದರೆ ಅದನ್ನು ಗೋಡೆಗೆ ತೂಗುಹಾಕಿದ ಕ್ಷಣದಿಂದ ಅಂಗಡಿಯ ಒಳಗೆ ಗಿರಾಕಿಯ ತಪ್ಪನ್ನು ತಪ್ಪೆನ್ನಬಲ್ಲ ನಾಲಗೆಯೊಂದೂ ಉಳಿಯುವುದಿಲ್ಲ. ಉಳಿದರೆ ಅದು ಮತ್ತೊಬ್ಬ ಗಿರಾಕಿಯದು. ಬೀದಿಯ ಹೆಂಗಸು ವ್ಯಾಪಾರ ಹೋದೀತೆಂದು ಸುಮ್ಮನಿದ್ದಾಳೆ, ಮಳಿಗೆಯ ಹುಡುಗಿ ಕೆಲಸ ಹೋದೀತೆಂದು ಸುಮ್ಮನಿದ್ದಾಳೆ. ಏನೂ ಕಳೆದುಕೊಳ್ಳಬೇಕಾಗಿಲ್ಲದವನು, ತಪ್ಪಿದವನಿಗೆ ಸರಿಸಮನಾಗಿ ನಿಂತವನು, ಮೂರನೆಯವನೊಬ್ಬನೇ. ನನ್ನ ಅಭಿಪ್ರಾಯದಲ್ಲಿ ಪ್ರಶ್ನೆಯ ತಿರುಳು ಇಷ್ಟೇ: ಪೆಟ್ಟು ಬಿದ್ದವರಿಗೆ ಮಾತನಾಡುವ ಅನುಕೂಲವುಂಟೇ? ಉಂಟಾದರೆ ನಾವು ನಡುವೆ ಬರಬೇಕಾಗಿಲ್ಲ. ಇಲ್ಲವಾದರೆ ನಮ್ಮ ಮೌನವನ್ನು ಸೌಜನ್ಯವೆಂದು ಕರೆದುಕೊಳ್ಳುವುದು ಕಷ್ಟ.

ಹಾಗಿದ್ದರೂ ನಾವು ಸುಮ್ಮನಿರುವೆವು. ಏಕೆಂಬುದನ್ನು ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು, ಬಿಬ್ ಲಾಟನೆ ಮತ್ತು ಜಾನ್ ಡಾರ್ಲಿ, ಒಂದು ಮದ್ಯದ ಅಂಗಡಿಯಲ್ಲಿಯೇ ಪರೀಕ್ಷಿಸಿ ನೋಡಿದರು. ಅಂಗಡಿಯವನು ಒಳಕ್ಕೆ ಹೋದ ಸಮಯದಲ್ಲಿ ಒಬ್ಬ ಯುವಕನೋ ಇಬ್ಬರೋ ಬಿಯರಿನ ಪೆಟ್ಟಿಗೆಯೊಂದನ್ನು ಎತ್ತಿಕೊಂಡು ನಡೆದುಬಿಡುವರು; ಕಳ್ಳತನವೂ ನಟನೆ, ಅಂಗಡಿಯವನೂ ನಾಟಕದ ಪಾತ್ರಧಾರಿ, ನಿಜವಾದವರು ಅಲ್ಲಿ ನಿಂತ ಗಿರಾಕಿಗಳು ಮಾತ್ರ. ಒಬ್ಬಂಟಿಯಾಗಿದ್ದ ಗಿರಾಕಿಗಳಲ್ಲಿ ನೂರಕ್ಕೆ 65 ಮಂದಿ ಅಂಗಡಿಯವನಿಗೆ ವಿಷಯವನ್ನು ತಿಳಿಸಿದರು. ಇಬ್ಬಿಬ್ಬರಿದ್ದಾಗ ತಿಳಿಸುವವರು ಹೆಚ್ಚಬೇಕಷ್ಟೆ? ಹೆಚ್ಚಲಿಲ್ಲ, ಅಂತಹ ಜೋಡಿಗಳಲ್ಲಿ ನೂರಕ್ಕೆ 56ರಲ್ಲಿ ಮಾತ್ರ ಒಬ್ಬರಾದರೂ ಬಾಯಿಬಿಟ್ಟರು. ಪಕ್ಕದವನು ಸುಮ್ಮನಿದ್ದಾನೆ, ಆದುದರಿಂದ ಇದು ಅಷ್ಟು ದೊಡ್ಡ ವಿಷಯವಲ್ಲವೇನೋ ಎಂದು ನಾನೂ, ನಾನು ಸುಮ್ಮನಿರುವುದನ್ನು ಕಂಡು ಅವನೂ, ಪರಸ್ಪರರ ಮೌನವನ್ನೇ ಪ್ರಮಾಣವನ್ನಾಗಿ ಹಿಡಿಯುವೆವು.

ಸಾಲಿನಲ್ಲಿ ನಡುವೆ ನುಗ್ಗುವವರ ವಿಷಯದಲ್ಲಿ ಇನ್ನೂ ಸ್ವಾರಸ್ಯವಾದ ಪರೀಕ್ಷೆಯೊಂದು ನಡೆದಿದೆ. ಸ್ಟ್ಯಾನ್ಲಿ ಮಿಲ್‌ಗ್ರಾಮ್ ಮತ್ತು ಆತನ ಸಂಗಡಿಗರು ನ್ಯೂಯಾರ್ಕಿನ ರೈಲ್ವೆ ಟಿಕೀಟಿನ ಕಿಂಡಿ ಮೊದಲಾದ ಸ್ಥಳಗಳಲ್ಲಿ 129 ಸಾಲುಗಳಿಗೆ ಬೇಕೆಂದೇ ತಮ್ಮವರನ್ನು ನುಗ್ಗಿಸಿದರು. ಅದರ ವರದಿ ಪ್ರಕಟವಾದದ್ದು ಮಿಲ್‌ಗ್ರಾಮನ ಮರಣಾನಂತರ, 1986ರಲ್ಲಿ. ಒಬ್ಬನು ನುಗ್ಗಿದಾಗ ಅರ್ಧಕ್ಕಿಂತ ತುಸು ಹೆಚ್ಚು ಸಾಲುಗಳಲ್ಲಿ ಆಕ್ಷೇಪಣೆ ಹುಟ್ಟಿತು. ಇಬ್ಬರು ನುಗ್ಗಿದಾಗ ಹತ್ತರಲ್ಲಿ ಒಂಬತ್ತು ಸಾಲುಗಳಲ್ಲಿ ಹುಟ್ಟಿತು. ಆಕ್ಷೇಪಿಸಿದವರು ಬಹುಪಾಲು ನುಗ್ಗಿದವನ ಹಿಂದೆ ನಿಂತವರು, ಅವರಲ್ಲಿಯೂ ಒಡನೆ ಹಿಂದಿದ್ದವನು. ಆ ಒಡನೆ ಹಿಂದಿದ್ದವನ ಸ್ಥಾನದಲ್ಲಿ ಸುಮ್ಮನಿರುವಂತೆ ಕಲಿಸಿಟ್ಟ ತಮ್ಮ ಮನುಷ್ಯನನ್ನೇ ನಿಲ್ಲಿಸಿದಾಗ ಉಳಿದವರ ಆಕ್ಷೇಪಣೆ ಬಹಳವಾಗಿ ಇಳಿದುಹೋಯಿತು. ಹಕ್ಕುದಾರನೇ ಕ್ಷಮಿಸಿದಮೇಲೆ ನಮಗೇನು ಎಂಬ ಭಾವ. ಅಂದಮೇಲೆ ಸಾಲಿನಲ್ಲಿ ನುಗ್ಗಿದವನ ಬೆನ್ನಿಗೇ ನಿಂತವನು ಬೇರೆಯವರಿಗಿಂತ ಹೆಚ್ಚಿನ ಹೊಣೆಯನ್ನು ಹೊತ್ತಿದ್ದಾನೆ. ತನ್ನೊಬ್ಬನ ಎರಡು ನಿಮಿಷವನ್ನು ಬಿಟ್ಟುಕೊಡಲು ಅವನಿಗೆ ಸಂಪೂರ್ಣ ಅಧಿಕಾರವುಂಟು. ಹಿಂದಿರುವ ಹತ್ತು ಜನರದನ್ನೂ ಸೇರಿಸಿ ದಾನ ಮಾಡುವ ಅಧಿಕಾರವಿಲ್ಲ.

ಮಾತನಾಡಬೇಕೆಂಬ ಪಕ್ಷಕ್ಕೆ ಇಷ್ಟು ಹೇಳಿದ ಬಳಿಕ, ದುಡುಕಬಾರದೆಂಬುದಕ್ಕೂ ಕಾರಣಗಳಿವೆ. ಹಳ್ಳಿಯ ನ್ಯಾಯಬೆಲೆ ಅಂಗಡಿಯ ಮುಂದೆ ಬೆಳಗಿನಿಂದಲೇ ಮನುಷ್ಯರಿಗೆ ಬದಲಾಗಿ ಕಲ್ಲು, ಚೀಲ, ಚಪ್ಪಲಿಗಳು ಸಾಲುಗಟ್ಟಿ ಕುಳಿತಿರುವುದನ್ನು ನೀವು ಕಂಡಿದ್ದೀರಿ. ಹತ್ತು ಗಂಟೆಗೆ ಹೊಲದಿಂದ ಓಡೋಡಿ ಬಂದು ಮುಂದೆ ಸೇರಿಕೊಳ್ಳುವ ಹೆಂಗಸು ಪರಸ್ಥಳದವನ ಕಣ್ಣಿಗೆ ನುಗ್ಗಿದವಳಂತೆಯೇ ಕಾಣುವಳು; ಆಕೆಯ ಕಲ್ಲು ಆಕೆಗಿಂತ ಮೊದಲೇ ಬಂದು ಕಾದಿದೆ ಎಂಬುದು ಊರಿಗೆಲ್ಲ ಗೊತ್ತು. ಅಂತೆಯೇ ದೊಡ್ಡ ಮಳಿಗೆಗೆ ಮೊದಲ ಸಲ ಬಂದ ಹಿರಿಯರು ತರಕಾರಿಯನ್ನು ಪ್ರತ್ಯೇಕವಾಗಿ ತೂಗಿಸಿ ಚೀಟಿ ಅಂಟಿಸಿಕೊಂಡು ಬರಬೇಕೆಂಬುದನ್ನರಿಯದೆ ಹಣ ಕಟ್ಟುವ ಸಾಲನ್ನು ತಡೆದು ನಿಂತರೆ, ಅದು ಅಪರಿಚಯವೇ ಹೊರತು ಅವಿನಯವಲ್ಲ. ಅಲ್ಲಿ ಬೇಕಾದುದು ಚೀಟಿ ತರಲು ಎರಡು ಕಾಲುಗಳು, ಬುದ್ಧಿವಾದವಲ್ಲ. ಬೆಲೆ ಚೌಕಾಸಿ ಮಾಡುವವರ ನಡುವೆಯಂತೂ ಬಾಯಿ ಹಾಕಲೇಬಾರದು. ಅದು ಇಬ್ಬರೂ ಅರಿತು ಆಡುವ ಆಟ.

ತಪ್ಪನ್ನು ಎತ್ತಿಹೇಳಿದ ಸ್ಮರಣೀಯ ಪ್ರಸಂಗವೊಂದು ನಮ್ಮ ನಾಡಿನ ಶರಣರ ಕಥೆಯಲ್ಲಿಯೇ ಉಂಟು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಆತನ ಸತಿ ಲಕ್ಕಮ್ಮನು ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದಳು. ಅಗತ್ಯಕ್ಕಿಂತ ಹೆಚ್ಚಿನದನ್ನು ತಂದುದೇ ಆಕೆಯ ಕಣ್ಣಿಗೆ ತಪ್ಪಾಗಿ ಕಂಡಿತು. ಆದರೆ ಆಕೆ ಹೇಳಿದ್ದು ತನ್ನವನಿಗೆ, ಮನೆಯೊಳಗೆ. ನಮಗೂ ಇದು ಸಾಧ್ಯವಾದ ದಾರಿ: ಅಂಗಡಿಯ ಮುಂದೆ ತಪ್ಪುವವರು ಅನೇಕ ವೇಳೆ ನಮ್ಮದೇ ಅತ್ತೆ, ನಮ್ಮದೇ ಭಾವಮೈದುನ, ನಮ್ಮದೇ ಗೆಳೆಯ. ಅಪರಿಚಿತರಿಗೆ ಹೇಳುವ ಧೈರ್ಯವನ್ನು ಕೂಡಿಸಿಕೊಳ್ಳುವುದಕ್ಕೆ ಮೊದಲು ಇವರಿಂದ ತೊಡಗಬಹುದು. ಇದು ಹೆಚ್ಚು ಸುಲಭವೆಂದು ಮಾತ್ರ ನಾನು ಭರವಸೆ ಕೊಡಲಾರೆ.

ಅಪರಿಚಿತರಿಗೆ ಹೇಳುವಾಗ ಮಾತು ಮನುಷ್ಯನನ್ನು ಬಿಟ್ಟು ವಸ್ತುವನ್ನು ಹಿಡಿದರೆ ಒಳ್ಳೆಯದು. “ನಿಮಗೆ ಅಷ್ಟೂ ತಿಳಿಯುವುದಿಲ್ಲವೇ” ಎಂದೊಡನೆ ಎದುರಾಳಿ ತನ್ನ ಮಾನವನ್ನು ಕಾಯಲು ನಿಲ್ಲುತ್ತಾನೆ. “ಸಾಲು ಆ ಕಡೆಯಿಂದ ಇದೆ” ಎಂದು ಕೈದೋರಿದರೆ, ನೋಡಲಿಲ್ಲ ಎಂದು ಹೇಳಿ ಹಿಂದೆ ಸರಿಯುವುದಕ್ಕೆ ಅವನಿಗೊಂದು ಬಾಗಿಲು ತೆರೆದಿರುತ್ತದೆ. ನಿಜವಾಗಿ ನೋಡಿದ್ದವನೂ ಆ ಬಾಗಿಲಿನಿಂದಲೇ ಹೊರಟುಹೋಗಲಿ, ನಮಗೇನು ನಷ್ಟ? “ಅಮ್ಮಾ, ಮುರಿದುದನ್ನೂ ತೂಕಕ್ಕೆ ಹಾಕಿಸಿಬಿಡಿ, ಪಾಪ ಅವರಿಗೆ ಲುಕ್ಸಾನಾಗುತ್ತೆ” ಎಂಬಷ್ಟು ಮಾತಿಗೆ ಕೆಲವರು ನಕ್ಕು ಹಾಕಿಸುವರು. ಕೆಲವರು “ನಿಮಗ್ಯಾಕ್ರೀ ಬೇಕು? ದುಡ್ಡು ಕೊಡೋದು ನಾನು” ಎನ್ನುವರು. ಹೀಗೆನ್ನುವವರೊಡನೆ ವಾದಕ್ಕಿಳಿದರೆ ಸುತ್ತಲೂ ಜನ ಸೇರಿ, ಬೆಂಡೆಕಾಯಿಯ ವಿಷಯ ಮರೆತು, ಯಾರು ಯಾರಿಗೆ ಏನೆಂದರು ಎಂಬುದೇ ಉಳಿಯುತ್ತದೆ.

ಇದೆಲ್ಲಕ್ಕೂ ಮಿಗಿಲಾಗಿ, ನಾವು ಯಾರ ಪರವಾಗಿ ಮಾತನಾಡಿದೆವೋ ಆ ತರಕಾರಿಯ ಹೆಂಗಸೇ ನಡುವೆ ಬಂದು “ಹೋಗ್ಲಿ ಬಿಡಿ ಸ್ವಾಮಿ” ಎನ್ನುವುದುಂಟು. ಇದನ್ನು ಅಂಜಿಕೆಯೆಂದು ತಿಳಿದು ಇನ್ನಷ್ಟು ಶೌರ್ಯವನ್ನು ತೋರುವ ಪರೋಪಕಾರಿಗಳಿದ್ದಾರೆ. ನಾವು ಕಂಡದ್ದು ಒಂದು ಗಳಿಗೆಯ ನಡತೆ. ಆಕೆಯ ಮುಂದಿರುವುದು ವರ್ಷದ ಲೆಕ್ಕ. ತುದಿ ಮುರಿಯುವ ಆ ಅಮ್ಮನೇ ಆಷಾಢದ ಮಳೆಯಲ್ಲಿಯೂ ತಪ್ಪದೆ ಬರುವ ಗಿರಾಕಿಯಾಗಿರಬಹುದು, ಗೌರಿಹಬ್ಬದ ಮುನ್ನಾದಿನ ಬಾಳೆಯೆಲೆಯಿಂದ ಹಿಡಿದು ಕುಂಬಳಕಾಯಿಯವರೆಗೆ ಸಮಸ್ತವನ್ನೂ ಅಲ್ಲಿಯೇ ಕೊಂಡವಳಿರಬಹುದು, ಮಗುವಿನ ಫೀಸಿಗೆಂದು ಇನ್ನೂರು ರೂಪಾಯಿ ಮುಂಗಡ ಕೊಟ್ಟವಳೂ ಆಗಿರಬಹುದು. ಆಕೆ ಬಿಡಿ ಎಂದಾಗ ಬಿಟ್ಟು, ನಮ್ಮ ಸೊಪ್ಪು ತರಕಾರಿಗಳ ಹಣವನ್ನು ಕೊಟ್ಟು, ಮುಂದಕ್ಕೆ ನಡೆಯತಕ್ಕದ್ದು.