ಹಾಡಿನಲ್ಲಿ ಉಳಿದ ಗುರುವಿನ ಹೆಸರು
(ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



1977ರಲ್ಲಿ ತೆರೆಕಂಡ ‘ಅಮರ್ ಅಕ್ಬರ್ ಆಂತೋನಿ’ ಚಿತ್ರವನ್ನು ತಮ್ಮಲ್ಲಿ ಬಹುಮಂದಿ ನೋಡಿರಬಹುದು. ಅಮಿತಾಭ್ ಬಚ್ಚನ್ ದೊಡ್ಡದೊಂದು ಮೊಟ್ಟೆಯೊಳಗಿಂದ ಹೊರಬಂದು, ತಾನು ಆಂತೋನಿ ಗೊನ್ಸಾಲ್ವಿಸ್ ಎಂದು ಹಾಡುತ್ತಾನೆ. ಮಕ್ಕಳು ನಗುತ್ತಾರೆ, ದೊಡ್ಡವರು ತಾಳ ಹಾಕುತ್ತಾರೆ. ಆ ಹೆಸರಿನವರೊಬ್ಬರು ನಿಜವಾಗಿಯೂ ಇದ್ದರೆಂಬುದು ಎಷ್ಟು ಮಂದಿಗೆ ಗೊತ್ತು? ಅವರನ್ನು ಕುರಿತು ನಾಲ್ಕು ಮಾತು ಹೇಳಲು ತಮ್ಮ ಅಪ್ಪಣೆ ಬೇಡುತ್ತೇನೆ.

ಆಂತೋನಿ ಗೊನ್ಸಾಲ್ವಿಸರು ಹುಟ್ಟಿದ್ದು 1927ರಲ್ಲಿ, ಗೋವೆಯ ಮಜೋರ್ಡಾ ಎಂಬ ಹಳ್ಳಿಯಲ್ಲಿ. ತಂದೆ ಇಗರ್ಜಿಯ ಗಾಯಕವೃಂದಕ್ಕೆ ಗುರುಗಳು. ಪೋರ್ಚುಗೀಸರ ಆಳ್ವಿಕೆಯ ಆ ಕಾಲದಲ್ಲಿ ಇಗರ್ಜಿಯ ಶಾಲೆಗಳಲ್ಲಿ ಕ್ಯಾಥೊಲಿಕ್ ಮಕ್ಕಳಿಗೆ ಸ್ವರಲಿಪಿ ಓದುವುದನ್ನೂ ಪಿಟೀಲು ನುಡಿಸುವುದನ್ನೂ ಕಲಿಸುತ್ತಿದ್ದರು. ಆ ವಿದ್ಯೆಯೇ ಅನೇಕರಿಗೆ ಮುಂಬಯಿಯಲ್ಲಿ ಅನ್ನ ಕೊಟ್ಟಿತು. ಆಂತೋನಿಯವರೂ 1943ರಲ್ಲಿ, ಹದಿಹರೆಯದಲ್ಲೇ, ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಬಂದು ನೌಷಾದರ ವಾದ್ಯವೃಂದದಲ್ಲಿ ಪಿಟೀಲುವಾದಕರಾದರು.

ಆಗಿನ ಚಿತ್ರಸಂಗೀತದ ರೀತಿಯನ್ನು ತಾವು ಬಲ್ಲಿರಿ. ಸಂಗೀತ ನಿರ್ದೇಶಕರು ಧಾಟಿಯನ್ನು ಹೇಳುವರು. ಅದನ್ನು ಬರಹಕ್ಕಿಳಿಸಿ, ಪಿಟೀಲಿಗಿಷ್ಟು ಕೊಳಲಿಗಿಷ್ಟು ಎಂದು ಹಂಚಿಕೊಡುವವರು ಬೇರೆ. ತೆರೆಯ ಮೇಲೆ ಮೂಡುವುದು ನಿರ್ದೇಶಕರ ಹೆಸರು. ಹಂಚಿಕೊಟ್ಟವರದೂ ನುಡಿಸಿದವರದೂ ಬಹುಮಟ್ಟಿಗೆ ತೆರೆಯ ಹಿಂದೆಯೇ ಉಳಿಯುತ್ತಿತ್ತು.

ಆಂತೋನಿಯವರಿಗೆ ಕೂಲಿಯಷ್ಟೇ ಸಾಲದಾಯಿತು. ಹಿಂದುಸ್ತಾನಿ ರಾಗಗಳಿಗೆ ಮನಸೋತ ಅವರು, ಅವನ್ನು ಪಾಶ್ಚಾತ್ಯ ವಾದ್ಯವೃಂದದಲ್ಲಿ ನುಡಿಸಬೇಕೆಂದು ಕನಸು ಕಂಡರು. 1958ರಲ್ಲಿ ‘ಇಂಡಿಯನ್ ಸಿಂಫನಿ ಆರ್ಕೆಸ್ಟ್ರಾ’ವನ್ನು ಕಟ್ಟಿ, ಸೇಂಟ್ ಝೇವಿಯರ್ಸ್ ಕಾಲೇಜಿನ ಅಂಗಳದಲ್ಲಿ ಕಚೇರಿ ನಡೆಸಿದರು. ಲತಾ ಮಂಗೇಶ್ಕರರೂ ಮನ್ನಾ ಡೇಯವರೂ ಅದರಲ್ಲಿ ಹಾಡಿದರು. ಆದರೆ ಅಷ್ಟು ದೊಡ್ಡ ಮೇಳವನ್ನು ಸಾಕುವುದು ಒಬ್ಬರ ಕೈಲಾಗುವ ಕೆಲಸವೇ? 1965ರಲ್ಲಿ ಅವರು ಅಮೆರಿಕೆಯ ಸಿರಕ್ಯೂಸ್ ವಿಶ್ವವಿದ್ಯಾಲಯಕ್ಕೆ ತೆರಳಿದರು. ಬಳಿಕ ಹಿಂದಿರುಗಿದವರು ಚಿತ್ರರಂಗದತ್ತ ಮುಖ ಮಾಡದೆ ಊರಲ್ಲೇ ಮೌನವಾಗಿದ್ದುಬಿಟ್ಟರು.

ಮುಂಬಯಿ ಅವರನ್ನು ಮರೆಯಿತು. ಒಬ್ಬ ಶಿಷ್ಯ ಮರೆಯಲಿಲ್ಲ. ಬಾಲ್ಯದಲ್ಲಿ ಅವರ ಬಳಿ ಪಿಟೀಲು ಕಲಿತ ಪ್ಯಾರೇಲಾಲರು ಮುಂದೆ ಲಕ್ಷ್ಮೀಕಾಂತರ ಜೊತೆಗೂಡಿ ಹೆಸರಾಂತ ಸಂಗೀತ ನಿರ್ದೇಶಕರಾದರು. ‘ಅಮರ್ ಅಕ್ಬರ್ ಆಂತೋನಿ’ಯ ಸಂಗೀತ ಈ ಜೋಡಿಯದೇ. ಗುರುವಿನ ಹೆಸರನ್ನು ಅವರು ಚಿತ್ರದ ನಾಯಕನ ಬಾಯಲ್ಲೇ ಇಟ್ಟರು. ಹಾಸ್ಯದ ಹಾಡೇನೋ ನಿಜ; ಆದರೆ ಇಂಥ ಗುರುದಕ್ಷಿಣೆ ಯಾರಿಗೆ ದೊರೆತೀತು? ಆಂತೋನಿಯವರು ತೀರಿಕೊಂಡದ್ದು 2012ರ ಜನವರಿಯಲ್ಲಿ.

ಮಹನೀಯರೇ, ನಾವೂ ಹೊಟ್ಟೆಪಾಡಿಗೆಂದು ಊರು ಬಿಟ್ಟು ಬಂದವರು. ಈ ವೇದಿಕೆಯಲ್ಲಿ ಇಂದು ಹಾಡುವ ಮಕ್ಕಳಿಗೆ ಕನ್ನಡ ಅಕ್ಷರವನ್ನೂ ಹಾಡನ್ನೂ ತಿದ್ದಿ ಕಲಿಸಿದವರು, ಕಚೇರಿಯ ಕೆಲಸ ಮುಗಿಸಿ, ರೈಲಿನಲ್ಲಿ ನಿಂತು ಬಂದವರು; ಮನೆಗೆಲಸದ ನಡುವೆ ಬಿಡುವು ಮಾಡಿಕೊಂಡ ತಾಯಂದಿರು. ಬಹುಮಾನ ಪಡೆದ ಮಗುವಿನ ಹೆಸರನ್ನು ನಾವು ಅಚ್ಚು ಹಾಕಿಸುತ್ತೇವೆ. ಅದರ ಕೆಳಗೆ ಕಲಿಸಿದವರ ಹೆಸರಿಗೂ ಒಂದು ಸಾಲು ಬಿಡೋಣ. ಅವರು ಇನ್ನೂ ನಮ್ಮ ಕಣ್ಣೆದುರಿಗೆ ಇರುವಾಗಲೇ ಈ ಕೆಲಸವಾಗಲಿ ಎಂದು ಬೇಡಿಕೊಳ್ಳುತ್ತೇನೆ.