ಅಡುಗೆಮನೆಯಿಂದ ಸಂಸತ್ತಿಗೆ



ನ್ಯೂಜಿಲೆಂಡಿನ ಮಾವೊರಿ ಜನರಿಗೆ ‘ಮರಾಯೆ’ ಎಂದರೆ ಅಂಗಳ, ಸಭಾಮನೆ, ಊಟದ ಮನೆ ಎಲ್ಲ ಸೇರಿದ ಸಮುದಾಯದ ನೆಲೆ. ಸಂತಾಪ, ಸಮಾರಂಭ, ಊರೊಟ್ಟಿನ ಮಾತುಕತೆ ಎಲ್ಲವೂ ಅಲ್ಲೇ. ಅಲ್ಲಿನ ಎಳೆಯರಿಗೆ ಮುಂದಾಳುತನದ ಪಾಠ ಶುರುವಾಗುವುದು ಹೆಚ್ಚಾಗಿ ಹಿಂದುಗಡೆಯ ಅಡುಗೆಮನೆಯಲ್ಲಿ. ಗೆಣಸು ಹೆಚ್ಚಬೇಕು, ರಾಶಿ ತಟ್ಟೆ ತೊಳೆಯಬೇಕು, ಹಾಸಿಗೆ ಹಾಸಬೇಕು, ಬಂದ ನೆಂಟರೆಲ್ಲ ಉಂಡರೇ ಎಂದು ನೋಡಬೇಕು. ಕೆಲಸ ಮಾಡುತ್ತಲೇ ಹಿರಿಯರ ಮಾತಿನ ವರಸೆ ಕಿವಿಗೆ ಬೀಳುತ್ತದೆ. ಕೈಗೆ ಮೈಕು ಕೊಟ್ಟು ಎರಡೇ ದಿನದಲ್ಲಿ ನಾಯಕರನ್ನು ತಯಾರಿಸುವ ನಮ್ಮ ಶಿಬಿರಗಳಿಗಿಂತ ಈ ದಾರಿ ಗಟ್ಟಿ ಎಂದೇ ನನ್ನ ಎಣಿಕೆ.

ಹಾಗೆಂದು ಮಾವೊರಿ ಎಳೆಯರು ಬಾಯಿ ಮುಚ್ಚಿ ಕುಳಿತವರಲ್ಲ. ಶಾಲೆಯಲ್ಲಿ ಮಾವೊರಿ ಮಾತಾಡಿದ ಮಕ್ಕಳಿಗೆ ಏಟು ಬೀಳುತ್ತಿದ್ದ ಕಾಲವೊಂದಿತ್ತು. ಆ ನೋವುಂಡ ಎಷ್ಟೋ ಹೆತ್ತವರು ಮನೆಯಲ್ಲೂ ಆ ನುಡಿ ಬಿಟ್ಟರು. ಅದನ್ನು ಶಾಲೆಯಲ್ಲಿ ಕಲಿಸಿ ಎಂದು ‘ಙಾ ತಮತೋವಾ’ ಎಂಬ ಯುವ ಸಂಘಟನೆ ಪಟ್ಟು ಹಿಡಿಯಿತು. 1972ರ ಸೆಪ್ಟೆಂಬರ್ 14ರಂದು ಆ ಸಂಘಟನೆಯ ಹನಾ ತೆ ಹೆಮಾರ ಮತ್ತು ಗೆಳೆಯರು 30,000ಕ್ಕೂ ಹೆಚ್ಚು ಸಹಿಗಳ ಮನವಿಯನ್ನು ಸಂಸತ್ತಿಗೆ ಒಯ್ದರು. ಹಿರಿಯರೂ ಜೊತೆಗಿದ್ದರು ಅನ್ನುವುದನ್ನು ಮರೆಯಬಾರದು. 1982ರಲ್ಲಿ ಮಾವೊರಿ ನುಡಿಯ ಶಿಶುವಿಹಾರಗಳು ಬಂದವು. 1987ರಲ್ಲಿ ಆ ನುಡಿ ಅಧಿಕೃತ ಭಾಷೆಯಾಯಿತು.

ಅದೇ ಸಂಸತ್ತಿಗೆ 2023ರಲ್ಲಿ ಮಾವೊರಿ ಯುವತಿ ಹನಾ-ರಾಫಿತಿ ಮೈಪಿ-ಕ್ಲಾರ್ಕ್ 21ನೆಯ ವಯಸ್ಸಿಗೇ ಸದಸ್ಯೆಯಾಗಿ ಆಯ್ಕೆಯಾದರು. ಆ ಮನವಿ ಹೊತ್ತ ಹನಾ ಇವರಿಗೆ ಸಂಬಂಧಿಕರೇ.