ಉತ್ತರ ಹೇಳುವ ಪೆಟ್ಟಿಗೆಯನ್ನು ರೈತರು ಪರೀಕ್ಷಿಸುವುದು ಹೇಗೆ?

(ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ ರೈತರು ಮತ್ತು ವಿಸ್ತರಣಾ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ಮೈಸೂರಿಗೆ ಮಾತನಾಡುವ ಪೆಟ್ಟಿಗೆ ಹೊಸದಲ್ಲ. 1935ರಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಬಾನುಲಿ ಹೇಳಿದ್ದನ್ನು ಕೇಳಬಹುದಿತ್ತೇ ಹೊರತು ಅದಕ್ಕೆ ಪ್ರಶ್ನೆ ಹಾಕುವಂತಿರಲಿಲ್ಲ. ಈಗಿನ ‘ಸ್ಮಾರ್ಟ್ ಸ್ಪೀಕರ್’ ಪ್ರಶ್ನೆಗೆ ಉತ್ತರವನ್ನೂ ಹೇಳುತ್ತದೆ. ಅಮೆಜಾನ್ ಕಂಪನಿಯ ‘ಅಲೆಕ್ಸಾ’ 2017ರಲ್ಲಿಯೂ ಗೂಗಲ್ ಕಂಪನಿಯ ಸ್ಪೀಕರ್ 2018ರಲ್ಲಿಯೂ ಭಾರತದ ಮಾರುಕಟ್ಟೆಗೆ ಬಂದವು. ಅಲೆಕ್ಸಾ ಮೊದಲು ಇಂಗ್ಲಿಷಿನಲ್ಲಿ, 2019ರಿಂದ ಹಿಂದಿಯಲ್ಲಿಯೂ ಮಾತನಾಡತೊಡಗಿತು. ಮೊಬೈಲ್ ಫೋನಿನಲ್ಲಿರುವ ಗೂಗಲ್ ಸಹಾಯಕ ಕನ್ನಡದ ಪ್ರಶ್ನೆಯನ್ನೂ ತೆಗೆದುಕೊಳ್ಳುತ್ತದೆ. ಇವುಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆ ಸಹಜ. ಆದರೆ ಪರೀಕ್ಷಿಸದೆ ಯಾವುದನ್ನೂ ನಂಬಬಾರದು.

ಒಂದು ಉದಾಹರಣೆ ನೋಡಿ. ಮಗನ ಮನೆ ಕೃಷ್ಣಮೂರ್ತಿಪುರಂನಲ್ಲಿದೆ. ತಂದೆ ನಂಜನಗೂಡು ತಾಲ್ಲೂಕಿನಲ್ಲಿ ಮಳೆ ಆಶ್ರಯದ ರಾಗಿ ಬೆಳೆಯುತ್ತಾರೆ ಎಂದಿಟ್ಟುಕೊಳ್ಳಿ. ಮಗನ ಮನೆಗೆ ಬಂದ ತಂದೆ, “ನಾಳೆ ಮಳೆ ಬರುತ್ತದೆಯೇ?” ಎಂದು ಕೇಳಿಸುತ್ತಾರೆ. ಊರಿನ ಹೆಸರು ಹೇಳದಿದ್ದರೆ, ಪೆಟ್ಟಿಗೆಯು ತನ್ನಲ್ಲಿ ದಾಖಲಾಗಿರುವ ವಿಳಾಸಕ್ಕೆ, ಅಂದರೆ ಮೈಸೂರು ನಗರಕ್ಕೆ, ಉತ್ತರ ಕೊಡುತ್ತದೆ. ಉತ್ತರ ಸರಿಯಾಗಿದ್ದರೂ ಅದು ಹೊಲದ ಮಳೆಯಲ್ಲ.

ಬೀಜ ಮೊಳೆಯದಿದ್ದರೆ ದೋಷ ಬೀಜದ್ದೋ, ತೇವದ್ದೋ, ಬಿತ್ತಿದ ಆಳದ್ದೋ ಎಂದು ನೋಡುವಂತೆ ಇಲ್ಲಿಯೂ ದೋಷದ ಮೂಲವನ್ನು ಹುಡುಕಬೇಕು. ಪೆಟ್ಟಿಗೆಯು ಧ್ವನಿಯನ್ನು ಅಂತರಜಾಲದ ಮೂಲಕ ದೂರದ ಗಣಕಯಂತ್ರಗಳಿಗೆ ಕಳಿಸುತ್ತದೆ. ಅಲ್ಲಿ ಮಾತು ಅಕ್ಷರವಾಗುತ್ತದೆ, ಅರ್ಥ ಹುಡುಕಲಾಗುತ್ತದೆ, ದೊರೆತ ಉತ್ತರ ಮತ್ತೆ ಧ್ವನಿಯಾಗಿ ಬರುತ್ತದೆ. ಆದ್ದರಿಂದ ತಪ್ಪು ಮೂರು ಕಡೆ ಆಗಬಹುದು.

1. ಕೇಳಿಸಿಕೊಳ್ಳುವಲ್ಲಿ: ಹಳ್ಳಿಯ ಉಚ್ಚಾರಣೆ ಅಥವಾ ಊರಿನ ಹೆಸರು ಬೇರೆ ಪದವಾಗಿ ಕೇಳಿಸಬಹುದು.

2. ಅರ್ಥ ಮಾಡಿಕೊಳ್ಳುವಲ್ಲಿ: ರಾಗಿಯ ‘ಬೆಂಕಿ ರೋಗ’ ಶಿಲೀಂಧ್ರದಿಂದ ಬರುವ ರೋಗವೆಂದು ರೈತನಿಗೆ ಗೊತ್ತು. ಯಂತ್ರ ಅದನ್ನು ಉರಿಯುವ ಬೆಂಕಿ ಎಂದುಕೊಳ್ಳಬಹುದು. ಇಲ್ಲವೇ ಭತ್ತದ ಬೆಂಕಿ ರೋಗದ ಉಪಚಾರವನ್ನು ಹೇಳಬಹುದು.

3. ತಿಳಿವಳಿಕೆಯಲ್ಲಿ: ಉತ್ತರ ಬೇರೆ ದೇಶದ್ದೋ ಹಳೆಯ ಕಾಲದ್ದೋ ಆಗಿರಬಹುದು. ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟ್ 2011ರಲ್ಲಿ ನಿಷೇಧಿಸಿತು. ಅದಕ್ಕೆ ಮೊದಲು ಬರೆದ ಶಿಫಾರಸುಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಅವೇ ಇಂದಿನ ಉತ್ತರವಾಗಿ ಬಂದರೆ ಅಪಾಯ.

ಎಲ್ಲಕ್ಕಿಂತ ದುಬಾರಿಯಾದದ್ದು ಪ್ರಮಾಣದ ತಪ್ಪು. ಮಳೆ ಆಶ್ರಯದ ರಾಗಿಗೆ ಹೆಕ್ಟೇರಿಗೆ 50 ಕಿ.ಗ್ರಾಂ ಸಾರಜನಕ ಶಿಫಾರಸಾಗಿದೆ. ಒಂದು ಹೆಕ್ಟೇರಿಗೆ ಸುಮಾರು ಎರಡೂವರೆ ಎಕರೆ. ಆದುದರಿಂದ ಎಕರೆಗೆ 20 ಕಿ.ಗ್ರಾಂ ಸಾಕು. ಇದನ್ನೆಲ್ಲ ಯೂರಿಯಾದಿಂದಲೇ ಕೊಡುವುದಾದರೆ 44 ಕಿ.ಗ್ರಾಂ, ಅಂದರೆ 45 ಕಿಲೋದ ಒಂದು ಚೀಲ. ಡಿ.ಎ.ಪಿ. ಹಾಕುವವರು ಅದರಲ್ಲಿರುವ ಸಾರಜನಕವನ್ನು ಇದರಲ್ಲಿ ಕಳೆಯಬೇಕು. ಪೆಟ್ಟಿಗೆ ‘ಹೆಕ್ಟೇರು’ ಎಂದದ್ದನ್ನು ‘ಎಕರೆ’ ಎಂದು ತಿಳಿದರೆ ಹೆಚ್ಚು ಕಡಿಮೆ ಎರಡೂವರೆ ಚೀಲ ಹೊಲಕ್ಕೆ ಬೀಳುತ್ತದೆ. ಹಣ ಹೋಗುವುದರ ಜೊತೆಗೆ ಪೈರು ಬಾಗಿ ಮಲಗುತ್ತದೆ, ಬೆಂಕಿ ರೋಗವೂ ಹೆಚ್ಚುತ್ತದೆ. ಮುದ್ರಿತ ಹಾಳೆಯನ್ನು ಮತ್ತೆ ಓದಬಹುದು; ಕಿವಿಯಲ್ಲಿ ಕೇಳಿದ ಅಂಕಿ ಮನೆ ಸೇರುವುದರೊಳಗೆ ಬದಲಾಗುತ್ತದೆ.

ಹೊಸ ತಳಿಯನ್ನು ಪರೀಕ್ಷಿಸುವಾಗ ಅದನ್ನು ಪಕ್ಕದ ತಾಕಿನ ಹಳೆಯ ತಳಿಯೊಡನೆ ಹೋಲಿಸುವುದು ರೂಢಿ. ಈ ಪೆಟ್ಟಿಗೆಗಳಿಗೂ ಅದೇ ಕ್ರಮ ಸಾಕು. ಹತ್ತು ಪ್ರಶ್ನೆಗಳನ್ನು ಬರೆದುಕೊಳ್ಳಬೇಕು. ಅವುಗಳಲ್ಲಿ ಐದಕ್ಕಾದರೂ ಸರಿಯುತ್ತರ ಮೊದಲೇ ಗೊತ್ತಿರಬೇಕು: ಜಿಪಿಯು-28 ಯಾವ ಬೆಳೆಯ ತಳಿ? ಮೈಸೂರಿನ ಎ.ಪಿ.ಎಂ.ಸಿ. ಪ್ರಾಂಗಣ ಎಲ್ಲಿದೆ? ಮೊದಲನೆಯದಕ್ಕೆ ರಾಗಿ, ಎರಡನೆಯದಕ್ಕೆ ಬಂಡೀಪಾಳ್ಯ ಎಂಬುದು ಇಲ್ಲಿನ ರೈತರಿಗೆ ತಿಳಿದ ವಿಷಯ. ಅದೇ ಪ್ರಶ್ನೆಗಳನ್ನು ಅದೇ ದಿನ ಎಲ್ಲ ಯಂತ್ರಗಳಿಗೂ ಮೂರು ಮೂರು ಸಲ, ಬೇರೆ ಬೇರೆಯವರ ಬಾಯಿಂದ ಕೇಳಿಸಬೇಕು. ಸರಿ, ತಪ್ಪು, ‘ಗೊತ್ತಿಲ್ಲ’ ಎಂದು ಮೂರು ಕಲಮುಗಳಲ್ಲಿ ಗುರುತಿಸಬೇಕು.

ಇಲ್ಲಿ ಮೂರನೆಯ ಕಲಮು ಬಹು ಮುಖ್ಯ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನುವ ಯಂತ್ರವು, ತಪ್ಪನ್ನು ಧೈರ್ಯವಾಗಿ ಹೇಳುವ ಯಂತ್ರಕ್ಕಿಂತ ಮೇಲು. ಮೊದಲನೆಯದರಿಂದ ರೈತ ಇನ್ನೊಬ್ಬರನ್ನು ಕೇಳಲು ಹೋಗುತ್ತಾನೆ. ಎರಡನೆಯದರಿಂದ ನೇರವಾಗಿ ಗೊಬ್ಬರದ ಅಂಗಡಿಗೆ ಹೋಗುತ್ತಾನೆ.

ಒಟ್ಟಿನಲ್ಲಿ ಗಂಟೆ, ಹಾಡು, ವಾರ್ತೆಗಳಿಗೆ ಇಂಥ ಪೆಟ್ಟಿಗೆ ಉಪಯುಕ್ತ. ಹವಾಮಾನ ಮತ್ತು ಧಾರಣೆಯನ್ನು ಊರಿನ ಹೆಸರು ಸೇರಿಸಿ ಕೇಳಿ, ಬೇರೊಂದು ಮೂಲದಿಂದ ತಾಳೆ ನೋಡಬೇಕು. ಔಷಧಿ ಮತ್ತು ಗೊಬ್ಬರದ ಪ್ರಮಾಣವನ್ನು ಮಾತ್ರ ಅದರಿಂದ ತೆಗೆದುಕೊಳ್ಳಕೂಡದು. ಅದಕ್ಕೆ ಹೋಬಳಿಯ ರೈತ ಸಂಪರ್ಕ ಕೇಂದ್ರವಿದೆ, ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರವಿದೆ. 2004ರಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಶುಲ್ಕವಿಲ್ಲದೆ ಕರೆ ಮಾಡಿ ಕನ್ನಡದಲ್ಲಿಯೇ ಕೇಳಬಹುದು. ಅಲ್ಲಿ ಉತ್ತರಿಸುವವರು “ಯಾವ ಬೆಳೆ? ಎಷ್ಟು ದಿನದ ಪೈರು?” ಎಂದು ಮರುಪ್ರಶ್ನೆ ಹಾಕಬಲ್ಲರು. ಮರುಪ್ರಶ್ನೆ ಕೇಳದೆ ಪ್ರಮಾಣ ಹೇಳುವವರು ಮನುಷ್ಯರಾಗಲಿ ಯಂತ್ರವಾಗಲಿ, ಆ ಸಲಹೆ ಹೊಲಕ್ಕೆ ಇಳಿಯುವ ಮುನ್ನ ಇನ್ನೊಮ್ಮೆ ವಿಚಾರಿಸುವುದು ಕ್ಷೇಮ.